ನಾಲ್ಕು ಹಗ್ಗಗಳ ಕಾಯ್ದೆ

ನಮ್ಮ ಕಚೇರಿಯಲ್ಲಿ ಯಾವ ಕಾಗದವೂ ಒಂದೇ ಮೇಜಿನ ಮೇಲೆ ಎರಡು ದಿನ ಕೂರುವುದಿಲ್ಲ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಬಂದ ಕಾಗದದ ಮೂಲೆಯಲ್ಲಿ ‘ನೋಡಿದೆ’ ಎಂದು ಬರೆದು, ಕೆಳಗೊಂದು ಸಹಿ ಗೀಚಿ, ಪಕ್ಕದ ಮೇಜಿಗೆ ದೂಡುವುದು ನಮ್ಮ ಪದ್ಧತಿ. ನಿಜವಾಗಿ ನೋಡಲೇಬೇಕೆಂಬ ಕಟ್ಟುಪಾಡೇನೂ ಇಲ್ಲ. ಹೀಗೆ ಹನ್ನೊಂದು ಮೇಜು ಸುತ್ತಿ ಬಂದ ಕಾಗದಕ್ಕೆ ಒಂದು ಬಗೆಯ ಘನತೆ ಬರುತ್ತದೆ. ಆಮೇಲೆ ಅದನ್ನು ಕಪಾಟಿಗೆ ಸೇರಿಸುತ್ತೇವೆ.

ಈ ಪದ್ಧತಿಗೆ ಇರುವ ಒಂದೇ ಶತ್ರು ಎಂದರೆ ರಜೆ. ಪಕ್ಕದ ಮೇಜಿನವರು ರಜೆಯಲ್ಲಿದ್ದರೆ ದೂಡಿದ ಕಾಗದ ಅಲ್ಲೇ ಬೀಡುಬಿಡುತ್ತದೆ, ಮೂರನೆಯ ದಿನಕ್ಕೆ ಅವರ ಸ್ವಂತದ್ದೇ ಆಗಿಬಿಡುತ್ತದೆ. ಮೂಟೆ ಸಾಹೇಬರಿಗೆ ಆದದ್ದು ಇದೇ. ದವಡೆಹಲ್ಲು ಕೀಳಿಸಿಕೊಳ್ಳಲು ಅವರು ಎರಡು ದಿನ ರಜೆ ಹಾಕಿದ್ದರು. ಆ ಕಾಗದವನ್ನು ಅವರ ಖಾಲಿ ಮೇಜಿಗೆ ದೂಡಿದ ಮಹಾನುಭಾವ ನಾನೇ. ಮುಂದೆ ದೇಶದಲ್ಲಿ ಎದ್ದ ಗದ್ದಲಕ್ಕೆಲ್ಲ ಹೊಣೆ ಯಾರು ಎಂದು ಯಾರಾದರೂ ಕೇಳಿದರೆ, ದಯವಿಟ್ಟು ಹಲ್ಲಿನ ವೈದ್ಯರ ಹೆಸರು ಹೇಳಿ.

ಮೂಟೆ ಎಂಬುದು ಅಡ್ಡಹೆಸರು. ಅವರು ಲಿಫ್ಟ್ ತನಿಖಾಧಿಕಾರಿ. ಹತ್ತು ಜನರ ಲಿಫ್ಟ್ ಆದರೆ ಹನ್ನೆರಡೂವರೆ ಜನರ ತೂಕದ ಮರಳುಮೂಟೆಗಳನ್ನು ಅದರೊಳಗೆ ತುಂಬಿಸುತ್ತಾರೆ, ಮೇಲಿನಿಂದ ಕೆಳಕ್ಕೆ ಬಿಡಿಸುತ್ತಾರೆ, ಬ್ರೇಕ್ ಹಿಡಿಯಿತೋ ಇಲ್ಲವೋ ನೋಡುತ್ತಾರೆ. ಹಿಡಿದರೆ ಸಹಿ, ಇಲ್ಲದಿದ್ದರೆ ಬೀಗ. ಮೂವತ್ತು ವರ್ಷದಲ್ಲಿ ಒಂದು ಸಲವೂ ಮೂಟೆ ಹಾಕದೆ ಸಹಿ ಹಾಕಿದವರಲ್ಲ. ಇದು ಬಿಟ್ಟರೆ ಪ್ರಪಂಚದ ಉಳಿದ ಯಾವ ವಿಷಯವೂ ಅವರ ತಲೆಗೆ ಸರಿಯಾಗಿ ಹೋಗುತ್ತಿರಲಿಲ್ಲ. ಕೊಡೆ ಮರೆಯುತ್ತಿದ್ದರು, ಬೇರೆಯವರ ಕೊಡೆ ತರುತ್ತಿದ್ದರು, ಅದನ್ನೂ ಮರೆಯುತ್ತಿದ್ದರು.

ಮೂರನೆಯ ದಿನ ಊದಿದ ಕೆನ್ನೆ ಹೊತ್ತು ಬಂದವರು ಕಾಗದ ಓದಿದರು. ಸರ್ಕಾರ ಎಲ್ಲ ಇಲಾಖೆಗಳಿಗೂ ಒಂದು ಪ್ರಶ್ನೆ ಕೇಳಿತ್ತು: ಕೃತಕ ಬುದ್ಧಿಯ ಯಂತ್ರಗಳಿಂದ ಜನರಿಗೆ ಅಪಾಯವಾಗದಂತೆ ಕಾಯ್ದೆ ತರಬೇಕೇ, ಬೇಡವೇ? ತರುವುದಾದರೆ ಹೇಗಿರಬೇಕು? ಹದಿನೈದು ದಿನದೊಳಗೆ ಅಭಿಪ್ರಾಯ ಕಳಿಸತಕ್ಕದ್ದು.

“ಇದು ನಮಗೆ ಯಾಕೆ ಬಂತು?” ಎಂದರು ಕೆನ್ನೆ ಹಿಡಿದುಕೊಂಡು.

“ಎಲ್ಲರಿಗೂ ಬಂದಿದೆ ಸಾರ್. ನೋಡಿದೆ ಅಂತ ಬರ್ದು ತಳ್ಳಿ.”

“ಆಯ್ತು, ನಾಳೆ ತಳ್ತೀನಿ,” ಎಂದರು. ತಳ್ಳಿಬಿಡುತ್ತಿದ್ದರು ಕೂಡ. ಆದರೆ ಅವತ್ತು ಸಂಜೆ ಅವರ ಷಡ್ಡಕನ ಮಗಳ ಹುಟ್ಟುಹಬ್ಬ ಇತ್ತು.

ಷಡ್ಡಕ ಎಂದರೆ ಅವರ ಹೆಂಡತಿಯ ತಂಗಿಯ ಗಂಡ. ಪ್ರಪಂಚದಲ್ಲಿ ಎಷ್ಟೋ ಸಂಬಂಧಗಳಿವೆ. ಆದರೆ ಒಬ್ಬನ ಹೊಸ ಸೋಫಾ ನೋಡಿ ಇನ್ನೊಬ್ಬನ ಮನೆಯಲ್ಲಿ ಮೂರು ದಿನ ಮಾತು ನಿಲ್ಲುವ ಸಂಬಂಧ ಇದೊಂದೇ. ಈ ಷಡ್ಡಕ ಕೃತಕ ಬುದ್ಧಿಯ ಕಂಪನಿಯೊಂದರಲ್ಲಿ ಮಾರಾಟ ವಿಭಾಗದಲ್ಲಿದ್ದ. ಅವನು ಕೈಕುಲುಕಿದರೂ ಏನನ್ನೋ ಕೊಂಡುಕೊಂಡ ಹಾಗಾಗುತ್ತಿತ್ತು. ಮೂಟೆಯವರ ಮಹಡಿಯ ಕೆಳಗೇ ನನ್ನ ಮನೆ ಇರುವುದರಿಂದ ನನಗೂ ಕರೆ ಇತ್ತು, ಹೋಗಿದ್ದೆ.

ಕೇಕು ಕತ್ತರಿಸಿದ ಮೇಲೆ ಷಡ್ಡಕ ಶುರು ಮಾಡಿದ. “ನಮ್ಮ ಹೊಸ ಯಂತ್ರ ಇದೆಯಲ್ಲ, ಊರಿನ ಆಂಬುಲೆನ್ಸ್ ಕರೆಗಳನ್ನೆಲ್ಲ ಅದೇ ತಗೊಳ್ಳುತ್ತೆ. ಯಾರ ಜೀವ ಅರ್ಜೆಂಟು, ಯಾವ ಗಾಡಿ ಕಳಿಸ್ಬೇಕು, ಎಲ್ಲ ಅದೇ ತೀರ್ಮಾನ. ಮನುಷ್ಯರು ಬೇಕಾಗೇ ಇಲ್ಲ! ಅಣ್ಣಾ, ನಿಮ್ಮ ಇಲಾಖೆ ಇನ್ನೂ ಮರಳುಮೂಟೆಲೇ ಇದೆಯಾ?”

ಎಲ್ಲರೂ ನಕ್ಕರು. ಮೂಟೆಯವರ ಹೆಂಡತಿ ಮಾತ್ರ ನಗಲಿಲ್ಲ. ತಟ್ಟೆಯಲ್ಲಿದ್ದ ಕೇಕನ್ನು ನೋಡುತ್ತ ಕೂತರು. ಅದೇ ಕೆಲಸ ಕೆಡಿಸಿತು.

“ನಿನ್ನ ಯಂತ್ರಕ್ಕೂ ಕಾಯ್ದೆ ಬರ್ತಾ ಇದೆಯಪ್ಪ,” ಎಂದರು ಮೂಟೆ ಸಾಹೇಬರು. ಊದಿದ ಕೆನ್ನೆಯಿಂದ ನಿಧಾನವಾಗಿ ಹೊರಬಂದ ಮಾತಿಗೆ ಎಂದೂ ಇಲ್ಲದ ತೂಕವಿತ್ತು. “ಅದನ್ನ ಬರೀತಾ ಇರೋನು ನಾನೇ.”

ಬಲೂನು ಊದುತ್ತಿದ್ದವರೂ ನಿಲ್ಲಿಸಿದರು. ಷಡ್ಡಕನ ಹೆಂಡತಿ, “ನಿಜವಾ ಭಾವ? ಸರ್ಕಾರದ ಕಾಯ್ದೆಯಾ?” ಎಂದಳು. ಮೂಟೆಯವರು ಹೆಂಡತಿಯ ಕಡೆ ನೋಡಿದರು. ಆಕೆಯ ಮುಖ ಅರಳಿತ್ತು. ಇನ್ನು ಹಿಂದೆ ಸರಿಯುವ ದಾರಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಕಪಾಟಿನಿಂದ ಲಿಫ್ಟ್ ನಿಯಮಗಳ ಹಳೆಯ ಪುಸ್ತಕ ತೆಗೆದರು. “ಅಲ್ಲಯ್ಯಾ, ಕಂಪ್ಯೂಟರಿನಲ್ಲಿ ಒಂದು ಪದ ತೆಗೆದು ಎಲ್ಲಾ ಕಡೆ ಇನ್ನೊಂದು ಹಾಕೋದು ಹೇಗೆ?” ಎಂದು ಕೇಳಿದರು. ನಾನು ತೋರಿಸಿಕೊಟ್ಟೆ. (ಇದಕ್ಕೂ ಹಲ್ಲಿನ ವೈದ್ಯರನ್ನೇ ಹಿಡಿಯಿರಿ.) ಮಧ್ಯಾಹ್ನದ ಹೊತ್ತಿಗೆ ಲಿಫ್ಟ್ ಇದ್ದಲ್ಲೆಲ್ಲ ಕೃತಕ ಬುದ್ಧಿ ಬಂದು ಕೂತಿತ್ತು.

“ಪ್ರತಿಯೊಂದು ಕೃತಕ ಬುದ್ಧಿಯೂ ತಾನು ಹೊರಬಲ್ಲ ಭಾರವನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕತಕ್ಕದ್ದು. ಕೃತಕ ಬುದ್ಧಿಯೊಳಗೆ ಸಿಕ್ಕಿಕೊಂಡವರು ಒತ್ತಲು ಒಂದು ಗಂಟೆ ಇರತಕ್ಕದ್ದು. ಆ ಗಂಟೆ ಮನುಷ್ಯನಿಗೆ ಕೇಳಿಸುವಂತಿರತಕ್ಕದ್ದು. ಮಕ್ಕಳು ಹಿರಿಯರಿಲ್ಲದೆ ಕೃತಕ ಬುದ್ಧಿಯನ್ನು ಪ್ರವೇಶಿಸತಕ್ಕದ್ದಲ್ಲ. ಬೆಂಕಿ ಬಿದ್ದಾಗ ಕೃತಕ ಬುದ್ಧಿಯನ್ನು ಬಳಸತಕ್ಕದ್ದಲ್ಲ, ಮೆಟ್ಟಿಲು ಬಳಸುವುದು. ಬರೆದು ಹಾಕಿದ ಮಿತಿಗಿಂತ ಕಾಲುಭಾಗ ಹೆಚ್ಚು ಭಾರ ಹಾಕಿ ಪರೀಕ್ಷಿಸಿದ ಹೊರತು ತನಿಖಾಧಿಕಾರಿಯು ಸಹಿ ಮಾಡತಕ್ಕದ್ದಲ್ಲ.”

ನನಗೆ ನಗು ಬಂತು. ಎರಡನೆಯ ಸಲ ಓದಿದಾಗ ಅಷ್ಟು ಬರಲಿಲ್ಲ.

ರಾಟೆ, ಗ್ರೀಸು, ಕೆಳಗಿನ ಗುಂಡಿ, ಇವನ್ನೆಲ್ಲ ಅವರು ಹುಡುಕಿ ಹುಡುಕಿ ಹೊಡೆದುಹಾಕಿದ್ದರು. ಹದಿನೇಳನೆಯ ನಿಯಮವೊಂದು ಕಣ್ಣು ತಪ್ಪಿಸಿಕೊಂಡಿತು: “ಕೃತಕ ಬುದ್ಧಿಯು ನಾಲ್ಕಕ್ಕೆ ಕಡಿಮೆಯಿಲ್ಲದ ಉಕ್ಕಿನ ಹಗ್ಗಗಳಿಂದ ತೂಗುಬಿಟ್ಟಿರತಕ್ಕದ್ದು.”

ಮೇಲಧಿಕಾರಿಗಳು ಅದರ ಮೂಲೆಯಲ್ಲಿ ‘ನೋಡಿದೆ’ ಎಂದು ಬರೆದು ಸಚಿವಾಲಯಕ್ಕೆ ಕಳಿಸಿದರು. ಹದಿನೈದು ದಿನದ ಗಡುವು ಮುಗಿದಾಗ ಗೊತ್ತಾದದ್ದು ಏನೆಂದರೆ, ಉಳಿದ ನಲವತ್ತೊಂದು ಇಲಾಖೆಗಳಲ್ಲಿ ಆ ಕಾಗದ ಇನ್ನೂ ಮೇಜು ಸುತ್ತುತ್ತಿತ್ತು. ಬಂದದ್ದು ನಮ್ಮದೊಂದೇ. ಒಂದೇ ಬಂದದ್ದರಿಂದ ಅದೇ ಬಹುಮತದ ಅಭಿಪ್ರಾಯವಾಯಿತು. ಮಾರನೆಯ ವಾರ ಅದು ಕರಡು ಕಾಯ್ದೆಯೆಂದು ಪತ್ರಿಕೆಗಳಲ್ಲಿ ಅಚ್ಚಾಯಿತು.

ನಮ್ಮ ಮೇಲಧಿಕಾರಿಗಳು ಪತ್ರಿಕೆ ಹಿಡಿದು ಓಡಿಬಂದರು. “ಏನ್ರೀ ಇದು! ಹಗ್ಗ ಅಂತ ಬರ್ದಿದ್ದೀರಾ?”

ಮೂಟೆಯವರು ಬೆವರಿದರು. “ಸಾರ್, ಅದು... ಮರೆತುಹೋಗಿದ್ದು ಸಾರ್.”

“ಮರೆತುಹೋಗಿದ್ದನ್ನ ನೆನಪು ಮಾಡಿಕೊಟ್ಟಿದ್ದೀರಿ! ಸಚಿವರು ಫೋನ್ ಮಾಡಿದ್ರು. ಇಷ್ಟು ಆಳವಾಗಿ ಯಾರೂ ಯೋಚನೆ ಮಾಡಿಲ್ಲ ಅಂದ್ರು. ಅಂದಹಾಗೆ, ನಾಲ್ಕು ಹಗ್ಗ ಅಂದ್ರೆ ಏನ್ರೀ? ಅವರು ಕೇಳಿದ್ರು, ನಾನು ನಕ್ಕುಬಿಟ್ಟೆ.”

ಸಾರ್ವಜನಿಕ ವಿಚಾರಣೆ ಏರ್ಪಾಡಾಯಿತು. ಸಭಾಂಗಣದ ಎಡಗಡೆ ಕಾಯ್ದೆ ಬೇಕೆನ್ನುವವರು, ಬಲಗಡೆ ಬೇಡವೆನ್ನುವವರು. ಎರಡೂ ಕಡೆಯವರು ನೀರಿನ ಬಾಟಲಿಗಳನ್ನು ಗುರಾಣಿಯಂತೆ ಮುಂದಿಟ್ಟುಕೊಂಡಿದ್ದರು. ಮೂಟೆಯವರಿಗೆ ನಟ್ಟನಡುವೆ ಕುರ್ಚಿ.

ಎಡಗಡೆಯ ಪ್ರಾಧ್ಯಾಪಕರು ಎದ್ದುನಿಂತು ಕಣ್ಣೊರೆಸಿಕೊಂಡರು. “ವಿಜ್ಞಾನ ಒಂದು ಹಗ್ಗ. ನ್ಯಾಯ ಇನ್ನೊಂದು ಹಗ್ಗ. ಪಾರದರ್ಶಕತೆ ಮೂರನೇದು. ನಾಲ್ಕನೇದು ಮಾನವೀಯತೆ. ಉಕ್ಕು ಅಂತ ಯಾಕೆ ಹೇಳಿದ್ದಾರೆ? ಯಾಕಂದ್ರೆ ಅದು ಬಾಗುತ್ತೆ, ಆದರೆ ಕಡಿಯಲ್ಲ!” ಚಪ್ಪಾಳೆಯೋ ಚಪ್ಪಾಳೆ.

ಬಲಗಡೆಯಿಂದ ಕಂಪನಿಗಳ ವಕೀಲರು ಎದ್ದರು. “ನಾಲ್ಕು ಹಗ್ಗ ಅಂದ್ರೆ ಉದ್ಯಮದ ಕತ್ತಿಗೆ ನೇಣು. ನೆರೆ ದೇಶದಲ್ಲಿ ಒಂದು ಹಗ್ಗವೂ ಇಲ್ಲ. ನಾವು ಹಗ್ಗ ಕಟ್ಟೋ ಹೊತ್ತಿಗೆ ಅವರು ಮುಂದೆ ಹೋಗಿರ್ತಾರೆ. ನಮ್ಮ ಯಂತ್ರಗಳನ್ನ ನಾವೇ ಪರೀಕ್ಷೆ ಮಾಡ್ಕೋತೀವಿ. ನಮಗಿಂತ ಚೆನ್ನಾಗಿ ಅವನ್ನ ಬಲ್ಲವರು ಯಾರಿದ್ದಾರೆ?”

“ನಿಮಗೇ ಅವು ಹೇಗೆ ಯೋಚನೆ ಮಾಡ್ತವೆ ಅಂತ ಗೊತ್ತಿಲ್ಲ ಅಂತ ಹೋದ ತಿಂಗಳು ನೀವೇ ಹೇಳಿದ್ರಲ್ಲ!”

“ಅದು ಹೊಗಳಿಕೆಯಾಗಿ ಹೇಳಿದ್ದು!”

ಗದ್ದಲ ಎದ್ದಿತು. ಅಧ್ಯಕ್ಷರು ಮೇಜು ಕುಟ್ಟಿ, “ಎರಡೂ ಕಡೆಯವರಿಗೂ ಒಪ್ಪಿಗೆಯಾಗೋ ಹಾಗೆ ಮೂರು ಹಗ್ಗ ಇಟ್ಟುಕೊಳ್ಳೋಣವೇ?” ಎಂದರು. ನಾಲ್ಕರಲ್ಲಿ ಯಾವುದನ್ನು ಬಿಡುವುದು ಎಂದು ಎಡಗಡೆಯವರೇ ತಮ್ಮತಮ್ಮಲ್ಲಿ ಕಿತ್ತಾಡತೊಡಗಿದರು. ಮಾನವೀಯತೆಯನ್ನು ಬಿಡಬಹುದೆಂದು ಒಬ್ಬರು ಸೂಚಿಸಿದರು.

ಕೊನೆಗೆ ಮೈಕು ಮೂಟೆಯವರ ಕೈಗೆ ಬಂತು. ಪಾಪ, ಅವರು ನಿಜ ಹೇಳಲೆಂದೇ ಎದ್ದರು. “ಸ್ವಾಮಿ, ನಾನು ಲಿಫ್ಟ್ ನೋಡೋನು. ಈ ಹಗ್ಗ ಲಿಫ್ಟಿಂದು. ತೆಗೆಯೋದು ಮರೆತೆ. ನನಗೆ ಈ ಯಂತ್ರದ ವಿಷಯ ಏನೂ ಗೊತ್ತಿಲ್ಲ. ನನಗೆ ಗೊತ್ತಿರೋದು ಇಷ್ಟೇ: ಭಾರ ಹಾಕದೆ ಸಹಿ ಹಾಕ್ಬಾರದು.”

ಎಡಗಡೆಯವರು, “ಎಂಥ ವಿನಯ!” ಎಂದರು. ಬಲಗಡೆಯವರು, “ತನಗೇ ಏನೂ ಗೊತ್ತಿಲ್ಲ ಅಂತ ಒಪ್ಪಿಕೊಂಡಿದ್ದಾರೆ, ಬರೆದುಕೊಳ್ಳಿ!” ಎಂದರು. ಹೀಗೆ ಇಬ್ಬರಿಗೂ ಸಂತೋಷವಾಯಿತು. ಎರಡೂ ಕಡೆಯವರನ್ನು ಸಮಾಧಾನಪಡಿಸಲು ಸರ್ಕಾರ ಒಂದು ಆದೇಶ ಹೊರಡಿಸಿತು: ಕಾಯ್ದೆಯನ್ನು ಒಂದೇ ಒಂದು ಯಂತ್ರದ ಮೇಲೆ ಪ್ರಯೋಗಿಸಿ ನೋಡುವುದು. ಹಗ್ಗದ ವಿಚಾರ ಆಮೇಲೆ. ಪರೀಕ್ಷಿಸಿ ಸಹಿ ಹಾಕುವವರು, ಬೇರಾರಿಗೂ ಇದು ಅರ್ಥವಾಗದ ಕಾರಣ, ಮೂಟೆ ಸಾಹೇಬರೇ. ಯಂತ್ರ ಯಾವುದು? ಷಡ್ಡಕನ ಕಂಪನಿಯ ಆಂಬುಲೆನ್ಸ್ ಯಂತ್ರ.

ಈಗ ತಮಾಷೆ ಬದಿಗಿಟ್ಟು ಪರಿಸ್ಥಿತಿ ಏನೆಂದು ಹೇಳಿಬಿಡುತ್ತೇನೆ. ಮುಂದಿನ ತಿಂಗಳ ಒಂದನೇ ತಾರೀಕು ಊರಿನ ಹಳೆಯ ತುರ್ತು ಕರೆ ಕೊಠಡಿ ಮುಚ್ಚಿಹೋಗುತ್ತಿತ್ತು. ಆಮೇಲೆ ಯಾರು ಎದೆ ಹಿಡಿದುಕೊಂಡರೂ, ಯಾರ ಮಗು ಮಹಡಿಯಿಂದ ಬಿದ್ದರೂ ಫೋನ್ ಎತ್ತುವುದು ಈ ಯಂತ್ರವೇ. ಅದಕ್ಕೆ ಬೇಕಾಗಿದ್ದದ್ದು ಒಂದು ಸಹಿ. ಆ ಸಹಿ ಬೀಳದಿದ್ದರೆ ಕೆಲಸ ಕಳೆದುಕೊಳ್ಳುವವರಲ್ಲಿ ಮೊದಲನೆಯವನು ಷಡ್ಡಕ. ಯಾಕೆಂದರೆ ಆ ಮಹಾಶಯ ತನ್ನ ಯಜಮಾನರಿಗೆ, “ತನಿಖಾಧಿಕಾರಿ ನನ್ನ ಷಡ್ಡಕ ಸಾರ್, ನನ್ನ ಮಾತು ಮೀರಲ್ಲ,” ಎಂದು ಹೇಳಿಬಿಟ್ಟಿದ್ದ.

ಆ ವಾರ ಮೂಟೆಯವರ ಮನೆಯಿಂದ ಕೇಳಿಬಂದ ಮಾತುಗಳಿಗೆ ನಾನು ಕಿವಿಗೊಡಲಿಲ್ಲ. ನಮ್ಮ ಮನೆಯ ಛಾವಣಿ ತೆಳುವಾಗಿದ್ದರೆ ಅದು ಕಟ್ಟಿಸಿದವರ ತಪ್ಪು.

“ರೀ, ನನ್ನ ತಂಗಿ ಸಂಸಾರ ಬೀದಿಗೆ ಬರುತ್ತೆ. ಒಂದು ಸಹಿ ತಾನೇ?”

“ಒಂದು ಸಹಿ ತಾನೇ ಅಂತ ಹಾಕಿದ್ರೆ ನಾನ್ಯಾಕೆ, ಒಂದು ರಬ್ಬರ್ ಸ್ಟಾಂಪ್ ಸಾಕಲ್ವೇನೇ?”

“ಹುಟ್ಟುಹಬ್ಬದ ದಿನ ದೊಡ್ಡಸ್ತಿಕೆ ಕೊಚ್ಚಿಕೊಂಡವರು ನೀವು!”

“ನಿನ್ನ ಮುಖ ನೋಡಿ ಕೊಚ್ಚಿಕೊಂಡೆ ಕಣೇ.”

ಇದಕ್ಕೆ ಆಕೆ ಏನು ಹೇಳಿದರೋ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಲೋಟದ ಸದ್ದು ಕೇಳಿಸಿತು, ಕಾಫಿ ಕೊಟ್ಟಿರಬೇಕು. ಕೊನೆಗೆ ಮೂಟೆಯವರು ಹೇಳಿದ್ದು ಸ್ಪಷ್ಟವಾಗಿ ಕೇಳಿತು: “ಮೂಟೆ ಹಾಕ್ತೀನಿ. ಬ್ರೇಕ್ ಹಿಡಿದ್ರೆ ಅಲ್ಲೇ ಸಹಿ. ಹಿಡೀದಿದ್ರೆ, ನಿನ್ನ ತಂಗಿ ಬಂದು ನನ್ನ ಕಾಲು ಹಿಡಿದ್ರೂ ಇಲ್ಲ.”

ಯಂತ್ರದ ಭಾರದ ಮಿತಿ ಎಷ್ಟು ಎಂದು ಕಂಪನಿಗೆ ಬರೆದು ಕೇಳಿದರು. ಏಕಕಾಲಕ್ಕೆ ನಲವತ್ತು ಕರೆ ಎಂದು ಉತ್ತರ ಬಂತು. ಕಾಲುಭಾಗ ಹೆಚ್ಚು ಎಂದರೆ ಐವತ್ತು. ಐವತ್ತು ಮೂಟೆಗಳನ್ನು ಎಲ್ಲಿಂದ ತರುವುದು? ನಮ್ಮ ಕಟ್ಟಡದಲ್ಲಿ ಮೂವತ್ತೆಂಟು ಜನ ಸಿಕ್ಕರು, ಕಚೇರಿಯಿಂದ ಹತ್ತು, ಜೊತೆಗೆ ಮೂಟೆಯವರ ಹೆಂಡತಿ ಮತ್ತು ಆಕೆಯ ತಂಗಿ. ಒಬ್ಬೊಬ್ಬರಿಗೂ ಒಂದೊಂದು ಕಾಯಿಲೆ ಬರೆದ ಚೀಟಿ. ಅದಕ್ಕೂ ಜಗಳವಾಯಿತು. “ಎರಡನೇ ಮಹಡಿಯವರಿಗೆ ಹೃದಯಾಘಾತ ಕೊಟ್ಟು ನನಗೆ ಬರೀ ಕಾಲು ಉಳುಕಿದ್ದು ಕೊಡ್ತೀರಾ? ನಾನು ಬ್ಯಾಂಕಿನಲ್ಲಿ ಮ್ಯಾನೇಜರಾಗಿ ರಿಟೈರ್ ಆದವನು!” ಎಂದರು ಒಬ್ಬರು. ಕಡೆಗೆ ಅವರಿಗೂ ಒಂದು ಹೃದಯಾಘಾತ ಮಂಜೂರಾಯಿತು.

ಪರೀಕ್ಷೆಯ ದಿನ ಕಂಪನಿಯ ಕ್ಯಾಂಟೀನಿನಲ್ಲಿ ಐವತ್ತು ಜನರನ್ನೂ ಕೂರಿಸಿ ಚಹಾ ಬಿಸ್ಕತ್ತು ಕೊಟ್ಟರು. ಅದೇ ಆವರಣದ ಹಿಂಭಾಗದ ಶೆಡ್ಡಿನಲ್ಲಿ ಹನ್ನೆರಡು ಆಂಬುಲೆನ್ಸುಗಳು ಸಾಲಾಗಿ ನಿಂತಿದ್ದವು. ಕಂಪನಿಯ ಯಜಮಾನರು ಎಲ್ಲರಿಗೂ ತಾವೇ ಕೈಮುಗಿದರು. ಷಡ್ಡಕ ಬೆಳಿಗ್ಗೆಯಿಂದ ಬಾಯಿಗೆ ಏನೂ ಹಾಕದೆ ಅತ್ತಿಂದಿತ್ತ ಓಡಾಡುತ್ತಿದ್ದ. “ಅಣ್ಣಾ, ಇಲ್ಲೇ ಎ.ಸಿ. ಕೆಳಗೆ ಪರದೆ ಮುಂದೆ ಕೂತ್ಕೊಳ್ಳಿ, ಎಲ್ಲಾ ಕಾಣುತ್ತೆ,” ಎಂದ.

“ಪರದೆ ಮುಂದೆ ಇವನು ಕೂತ್ಕೋತಾನೆ,” ಎಂದು ಮೂಟೆಯವರು ನನ್ನನ್ನು ತೋರಿಸಿದರು. “ನನಗೆ ಒಂದು ಕುರ್ಚಿ ಶೆಡ್ಡಿನ ಬಾಗಿಲಿಗೆ ಹಾಕ್ಸಪ್ಪ. ಲಿಫ್ಟ್ ಪರೀಕ್ಷೆ ಮಾಡೋವಾಗ ನಾನು ಒತ್ತೋ ಗುಂಡಿ ನೋಡಲ್ಲ, ಲಿಫ್ಟ್ ನೋಡ್ತೀನಿ.” ಬಿಸಿಲಿನಲ್ಲಿ, ಯಾರದೋ ಕೊಡೆ ಬಿಚ್ಚಿಕೊಂಡು, ನೋಟ್‌ಬುಕ್ಕು ಹಿಡಿದು ಹೋಗಿ ಕೂತರು.

ಗಂಟೆ ಬಾರಿಸಿತು. ಐವತ್ತು ಫೋನುಗಳು ಒಟ್ಟಿಗೆ ಎದ್ದವು. ಕ್ಯಾಂಟೀನು ಒಂದೇ ಕ್ಷಣದಲ್ಲಿ ಆಸ್ಪತ್ರೆಯಾಯಿತು. ಬ್ಯಾಂಕ್ ಮ್ಯಾನೇಜರು ಎದೆ ಹಿಡಿದುಕೊಂಡು, “ಮೊದಲನೆಯದಾಗಿ ಎಡಭಾಗದಲ್ಲಿ ನೋವು, ಎರಡನೆಯದಾಗಿ ಬೆವರು,” ಎಂದು ಶುರು ಮಾಡಿದರು. ಮನೆಪಾಠದ ಮೇಡಂ ತಮಗೆ ಹಾವು ಕಚ್ಚಿದ್ದನ್ನು ಎರಡೆರಡು ಸಲ ಹೇಳಿ, “ಅರ್ಥವಾಯ್ತಾ?” ಎಂದು ಕೇಳಿದರು. ನಮ್ಮ ಮೇಲಧಿಕಾರಿಗಳು, “ನಾನು ಮೈಸುಟ್ಟುಕೊಂಡಿರುತ್ತೇನೆ, ಸೂಕ್ತ ಕ್ರಮ ಕೈಗೊಳ್ಳುವುದು,” ಎಂದರು. ಮೂರನೇ ಮಹಡಿಯ ಅಜ್ಜಿ ಚೀಟಿಯನ್ನು ಪಕ್ಕಕ್ಕಿಟ್ಟು ತಮ್ಮ ಇಪ್ಪತ್ತು ವರ್ಷದ ಮಂಡಿನೋವಿನ ಕತೆಯನ್ನು ಮೊದಲಿನಿಂದ ತೆಗೆದರು.

ನನ್ನ ಮುಂದಿನ ಪರದೆಯಲ್ಲಿ ಹಸಿರು ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ನಲವತ್ತು ದಾಟಿತು, ನಲವತ್ತೈದು, ಐವತ್ತು. ಯಂತ್ರ ತಡವರಿಸಲೇ ಇಲ್ಲ. ಪ್ರತಿಯೊಬ್ಬರಿಗೂ ಅದೇ ಇಂಪಾದ ದನಿ: “ಗಾಬರಿಯಾಗಬೇಡಿ, ಗಾಡಿ ಹೊರಟಿದೆ. ನಾನು ನಿಮ್ಮ ಜೊತೆ ಇದ್ದೇನೆ.” ಕರೆ ಮುಗಿದ ಮೇಲೆ ‘ನಿಮಗೆ ತೃಪ್ತಿಯಾಯಿತೇ’ ಎಂದು ಕೇಳಿತು. ಐವತ್ತಕ್ಕೆ ಐವತ್ತು ಜನ ‘ಹೌದು’ ಒತ್ತಿದರು.

ಯಜಮಾನರು ಕುಣಿದಾಡುವುದೊಂದು ಬಾಕಿ. “ನೂರಕ್ಕೆ ನೂರು! ನೋಡಿದ್ರಾ?”

ಅಜ್ಜಿ ಕಣ್ಣೊರೆಸಿಕೊಂಡು, “ನನ್ನ ಮಗನೂ ಇಷ್ಟು ಹೊತ್ತು ಕೇಳಿಲ್ಲ ಕಣಪ್ಪ. ಎಷ್ಟು ಮರ್ಯಾದಸ್ಥ ಯಂತ್ರ!” ಎಂದರು. ಬ್ಯಾಂಕ್ ಮ್ಯಾನೇಜರು ತಮ್ಮ ಎದೆನೋವು ಪೂರ್ತಿ ಹೋಯಿತೆಂದು ಘೋಷಿಸಿದರು. ಷಡ್ಡಕ ತನ್ನ ಹೆಂಡತಿಯ ಕಡೆ ನೋಡಿ ಮೊದಲ ಸಲ ನಕ್ಕ. ಅಷ್ಟರಲ್ಲಿ ಬಾಗಿಲು ತೆರೆದು ಮೂಟೆ ಸಾಹೇಬರು ಒಳಗೆ ಬಂದರು.

“ಎಷ್ಟು ಗಾಡಿ ಹೊರಟವು ಅಂತ ಬರ್ಕೊಳ್ಳಿ,” ಎಂದರು ಯಜಮಾನರು ಉಬ್ಬಿಹೋಗಿ.

“ಬರ್ಕೊಂಡಿದ್ದೀನಿ. ಸೊನ್ನೆ.”

ಯಾರಿಗೂ ಅರ್ಥವಾಗಲಿಲ್ಲ. ಮೂಟೆಯವರು ನೋಟ್‌ಬುಕ್ಕು ತೋರಿಸಿದರು. ಇಡೀ ಪುಟದಲ್ಲಿ ಇದ್ದದ್ದು ಒಂದು ಸೊನ್ನೆ, ಅದರ ಕೆಳಗೆ ಎರಡು ಗೆರೆ. “ಹನ್ನೆರಡು ಗಾಡಿ ಇದ್ದವು. ಹನ್ನೆರಡೂ ಅಲ್ಲೇ ಇವೆ. ಡ್ರೈವರುಗಳು ಇಸ್ಪೀಟ್ ಆಡ್ತಿದ್ರು. ಒಂದು ಆಟ ಮುಗೀತು, ಇನ್ನೊಂದು ಶುರು ಮಾಡಿದ್ರು. ಯಾರೂ ಅವರನ್ನ ಕರೀಲಿಲ್ಲ.”

“ಆದರೆ ಎಲ್ಲರಿಗೂ ತೃಪ್ತಿ ಆಗಿದೆಯಲ್ಲ!” ಎಂದರು ಯಜಮಾನರು.

“ಆಗಿದೆ. ಸಮಾಧಾನವಾಗಿ ಸತ್ತಿದ್ದಾರೆ.”

ಕ್ಯಾಂಟೀನಿನಲ್ಲಿ ಬಿಸ್ಕತ್ತು ಕಡಿಯುವ ಸದ್ದು ನಿಂತಿತು. ಹಾವು ಕಚ್ಚಿಸಿಕೊಂಡಿದ್ದ ಮೇಡಂ ಮೆಲ್ಲನೆ ತಮ್ಮ ಕಾಲು ನೋಡಿಕೊಂಡರು.

ಯಜಮಾನರು ಸಾವರಿಸಿಕೊಂಡರು. ಅಂಥವರು ಸಾವರಿಸಿಕೊಳ್ಳುವುದರಿಂದಲೇ ಯಜಮಾನರಾಗಿರುತ್ತಾರೆ. “ನೋಡಿ, ಇದೇ ನಮ್ಮ ಯಂತ್ರದ ಬುದ್ಧಿವಂತಿಕೆ. ಐವತ್ತು ಕರೆಗಳೂ ಒಂದೇ ಜಾಗದಿಂದ ಬಂದಿವೆ. ಇದು ನಾಟಕ ಅಂತ ಅದಕ್ಕೆ ಗೊತ್ತಾಗಿದೆ. ಅದಕ್ಕೇ ಗಾಡಿ ಕಳಿಸಿಲ್ಲ. ನಿಜವಾದ ರೋಗಿ ಆಗಿದ್ರೆ ಖಂಡಿತ ಕಳಿಸ್ತಿತ್ತು.”

“ಒಂದು ಶಾಲೇಲಿ ಐವತ್ತು ಮಕ್ಕಳು ಊಟ ಮಾಡಿ ವಾಂತಿ ಮಾಡ್ಕೊಂಡ್ರೆ ಅವರೂ ಒಂದೇ ಜಾಗದಿಂದ ತಾನೇ ಫೋನ್ ಮಾಡೋದು?”

“ಆಗ ಅದಕ್ಕೆ ಗೊತ್ತಾಗುತ್ತೆ.”

“ಗೊತ್ತಾಗುತ್ತೆ ಅಂತ ನಿಮಗೆ ಹೇಗೆ ಗೊತ್ತು?”

“ಅದು ಹೇಗೆ ಯೋಚನೆ ಮಾಡುತ್ತೆ ಅಂತ ಹೇಳೋಕಾಗಲ್ಲ ಸಾಹೇಬರೇ. ಆದರೆ ಚೆನ್ನಾಗಿ ಮಾಡುತ್ತೆ.”

“ಸರಿ, ಅದನ್ನೇ ಕೇಳೋಣ,” ಎಂದು ಮೂಟೆಯವರು ಫೋನಿನ ದನಿಯನ್ನು ಎಲ್ಲರಿಗೂ ಕೇಳುವಂತೆ ಮಾಡಿ ನಂಬರು ಒತ್ತಿದರು. “ಏನಪ್ಪಾ, ಇದು ಪರೀಕ್ಷೆ ಅಂತ ನಿನಗೆ ಗೊತ್ತಿತ್ತಾ, ಇರಲಿಲ್ವಾ? ನಿಜ ಹೇಳು.”

“ನಿಮ್ಮ ಪ್ರಶ್ನೆ ತುಂಬಾ ಚೆನ್ನಾಗಿದೆ,” ಎಂದಿತು ಯಂತ್ರ. “ಗಾಬರಿಯಾಗಬೇಡಿ, ಗಾಡಿ ಹೊರಟಿದೆ.”

ಯಜಮಾನರ ಮುಖ ಕೆಂಪಾಯಿತು. ಷಡ್ಡಕನ ಕಡೆ ತಿರುಗಿ ಹಲ್ಲು ಕಚ್ಚಿಕೊಂಡು, “ನಿನ್ನ ಮಾತು ಮೀರಲ್ಲ ಅಂದಿದ್ದೆಯಲ್ಲಯ್ಯಾ!” ಎಂದರು. ಷಡ್ಡಕನ ಹೆಂಡತಿ ಓಡಿಬಂದಳು. “ಭಾವ, ನಿಮ್ಮ ಕಾಲಿಗೆ ಬೀಳ್ತೀನಿ. ಮಗಳ ಶಾಲೆ, ಮನೆ ಬಾಡಿಗೆ, ಎಲ್ಲಾ ಇವರ ಸಂಬಳದಲ್ಲೇ ನಡೀಬೇಕು.” ಮೂಟೆಯವರ ಹೆಂಡತಿ ತಂಗಿಯ ಪಕ್ಕ ಬಂದು ನಿಂತರು. ಮೂಟೆ ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ನಾನಾಗಿದ್ದರೆ ‘ನೋಡಿದೆ’ ಎಂದು ಬರೆದು ಮನೆಗೆ ಹೋಗುತ್ತಿದ್ದೆ. ಅವರು ಹೋಗಲಿಲ್ಲ. ಆ ಗೊಂದಲದ ಮನುಷ್ಯನ ಮೇಲೆ ನನಗೆ ಅವತ್ತು ಹುಟ್ಟಿದ ಗೌರವ ಇನ್ನೂ ಕಡಿಮೆಯಾಗಿಲ್ಲ.

“ಅಣ್ಣಾ, ಒಂದೇ ಒಂದು...” ಎನ್ನುತ್ತ ಷಡ್ಡಕ ಎರಡು ಹೆಜ್ಜೆ ಮುಂದೆ ಬಂದ. ಮಾತು ಅಲ್ಲಿಗೇ ನಿಂತಿತು. ಕಣ್ಣು ಮೇಲಾಯಿತು. ಕುರ್ಚಿಯನ್ನೂ ಬಿಸ್ಕತ್ತಿನ ತಟ್ಟೆಯನ್ನೂ ಎಳೆದುಕೊಂಡು ನೆಲಕ್ಕೆ ಕುಸಿದ.

ಅವನ ಹೆಂಡತಿ ಕಿರುಚಿಕೊಂಡಳು. ಐವತ್ತು ಜನರ ಕೈಯಲ್ಲೂ ಫೋನಿತ್ತು. ನಮ್ಮ ಮೇಲಧಿಕಾರಿಗಳು ಅಭ್ಯಾಸಬಲದಿಂದ ಆ ನಂಬರನ್ನೇ ಒತ್ತಿದರು. ತುಂಬಿದ ಕೋಣೆಯಲ್ಲಿ ಇಂಪಾದ ದನಿ ಮೊಳಗಿತು: “ಗಾಬರಿಯಾಗಬೇಡಿ, ಗಾಡಿ ಹೊರಟಿದೆ. ನಾನು ನಿಮ್ಮ—”

“ಅದನ್ನ ಆರಿಸ್ರೀ!” ಎಂದು ಯಜಮಾನರು ಗಂಟಲು ಹರಿಯುವಂತೆ ಕೂಗಿದರು. “ತಲೆ ಇದೆಯೇನ್ರೀ ನಿಮಗೆ? ಇಲ್ಲಿ ಮನುಷ್ಯನ ಜೀವ ಹೋಗ್ತಾ ಇದೆ, ಯಂತ್ರದ ಜೊತೆ ಮಾತಾಡ್ತಾ ಕೂತಿದ್ದೀರಾ!”

ಹೇಳಿದವರೇ ಬಾಗಿಲು ದೂಡಿಕೊಂಡು ಶೆಡ್ಡಿನ ಕಡೆ ಓಡಿದರು. ಅಷ್ಟು ದಪ್ಪ ಮನುಷ್ಯ ಅಷ್ಟು ಜೋರಾಗಿ ಓಡಬಲ್ಲರೆಂದು ಅವರಿಗೂ ಗೊತ್ತಿರಲಿಲ್ಲ. ಇಸ್ಪೀಟ್ ಎಲೆಗಳು ಹಾರಾಡಿದವು. ಒಂದು ನಿಮಿಷದೊಳಗೆ ಒಂದು ಗಾಡಿ ಬಾಗಿಲಿಗೆ ಬಂತು. ಡ್ರೈವರಿನ ಪಕ್ಕದಲ್ಲಿ ಯಜಮಾನರೇ ಕೂತಿದ್ದರು. ಹಿಂದೆ ಷಡ್ಡಕನನ್ನು ಮಲಗಿಸಿ, ಅವನ ಹೆಂಡತಿ, ಮೂಟೆ ಸಾಹೇಬರು, ನಾನು ಹತ್ತಿಕೊಂಡೆವು.

ಗಾಡಿಯಲ್ಲಿದ್ದ ಸಹಾಯಕಿ ನಾಡಿ ನೋಡಿ, ಬೆರಳು ಚುಚ್ಚಿ ರಕ್ತ ನೋಡಿ, “ಬೆಳಿಗ್ಗೆಯಿಂದ ಏನೂ ತಿಂದಿಲ್ವಾ ಇವರು? ಸಕ್ಕರೆ ಅಂಶ ಇಳಿದುಹೋಗಿದೆ,” ಎಂದು ಸೂಜಿ ಚುಚ್ಚಿದಳು. ಸಿಗ್ನಲ್ಲುಗಳಲ್ಲಿ ಯಜಮಾನರು ಕಿಟಕಿಯಿಂದ ತಲೆ ಹೊರಹಾಕಿ, “ದಾರಿ ಬಿಡ್ರೀ, ನಮ್ಮ ಹುಡುಗ ಇದ್ದಾನೆ ಒಳಗೆ!” ಎಂದು ಕೂಗುತ್ತಿದ್ದರು. ಮೂಟೆ ಸಾಹೇಬರು ತೊಡೆಯ ಮೇಲೆ ಕಂಪನಿಯ ಒಪ್ಪಿಗೆ ಅರ್ಜಿ ಇಟ್ಟುಕೊಂಡು, ಗಾಡಿ ಕುಲುಕಾಡುತ್ತಿದ್ದರೂ, ಏನನ್ನೋ ಬರೆದು ಕೆಳಗೆ ಹೆಸರು ಹಾಕಿದರು. ಬ್ರೇಕ್ ಹಿಡಿಯಲಿಲ್ಲ ಎಂದು ಬರೆದಿದ್ದರು. ಅದರ ಕೆಳಗೆ ‘ತಯಾರಕರ ಹೇಳಿಕೆ’ ಎಂಬ ಅಂಕಣದಲ್ಲಿ ಯಜಮಾನರು ಕೂಗಿದ್ದನ್ನು ಒಂದಕ್ಷರ ಬಿಡದೆ ಇಳಿಸಿದ್ದರು.

ಸ್ವಲ್ಪ ದೂರ ಹೋದ ಮೇಲೆ ಷಡ್ಡಕ ಕಣ್ಣು ಬಿಟ್ಟ. ಹೆಂಡತಿಯನ್ನು ನೋಡಿದ, ಸೂಜಿಯನ್ನು ನೋಡಿದ, ಆಮೇಲೆ ಮೂಟೆಯವರ ಕೈಯಲ್ಲಿದ್ದ ಕಾಗದವನ್ನು ನೋಡಿದ.

“ಅಣ್ಣಾ... ಸಹಿ ಹಾಕಿದ್ರಾ?”

“ಹಾಕಿದೆ ಕಣೋ. ಆದರೆ ‘ತಿರಸ್ಕರಿಸಿದೆ’ ಅನ್ನೋ ಕಡೆ.”

ಷಡ್ಡಕ ಒಂದು ದೊಡ್ಡ ಉಸಿರು ಬಿಟ್ಟ. ಅಳುತ್ತಾನೇನೋ ಅಂದುಕೊಂಡೆ. ಅವನು ಮೂಟೆಯವರ ಕೈ ಹಿಡಿದುಕೊಂಡು, “ಒಳ್ಳೇದಾಯ್ತು ಅಣ್ಣಾ,” ಎಂದ. “ನನ್ನ ಮಗಳೂ ಇದೇ ಊರಲ್ಲೇ ಇದ್ದಾಳೆ.” ಆಮೇಲೆ ದನಿ ತಗ್ಗಿಸಿ, “ನಾನು ಹೀಗಂದೆ ಅಂತ ಮಾತ್ರ ನಮ್ಮ ಯಜಮಾನ್ರಿಗೆ ಹೇಳ್ಬೇಡಿ,” ಎಂದು ಬೇಡಿಕೊಂಡ.

ಮುಂದಿನ ಸೀಟಿನಿಂದ, ಬೆನ್ನು ತಿರುಗಿಸಿಕೊಂಡೇ, ಏದುಸಿರಿನ ದನಿಯೊಂದು ಬಂತು.

“ಇಲ್ಲಿ ಮುಂದೆ ಏನೂ ಕೇಳಿಸಲ್ಲ ಕಣಯ್ಯಾ. ನೀನು ಸುಮ್ನೆ ಮಲ್ಕೋ.”